ಪ್ಲೂಟೊ ಎಲ್ಲಿ ಹೋಯಿತು ಎಂದು ಕೇಳಿದಿರಲ್ಲ, ಅವ್ವ

ಆದೋನಿ
ಭಾನುವಾರ, 15 ಜೂನ್ 2025

ಕೋಸಗಿಯ ನನ್ನ ಅವ್ವನಿಗೆ,

ಅತ್ತೆ ಒಪ್ಪಿದರು ಅವ್ವ, ಒಪ್ಪಿಯೇಬಿಟ್ಟರು, ಈ ಆಷಾಢಕ್ಕೆ ನಾನು ಬಳ್ಳಾರಿಗಲ್ಲ, ನಿಮ್ಮ ಮನೆಗೆ ಬರುತ್ತಿದ್ದೇನೆ! ನಮಸ್ಕಾರ, ಯೋಗಕ್ಷೇಮ, ಬಿಸಿಲು, ಮಳೆ ಎಲ್ಲ ಮೊದಲು ಬರೆದು ಆಮೇಲೆ ನಿಧಾನವಾಗಿ ಈ ಮಾತಿಗೆ ಬರಬೇಕು ಅಂದುಕೊಂಡಿದ್ದೆ. ಆಗಲಿಲ್ಲ. ಬೆಳಿಗ್ಗೆಯಿಂದ ಮನೆ ತುಂಬ ಓಡಾಡುತ್ತಿದ್ದೇನೆ, ಎರಡು ಸಲ ಹಾಲು ಉಕ್ಕಿಸಿದೆ. ಸೇತುಮಾಧವ ಮಾವನವರು ಪೇಪರಿನಿಂದ ತಲೆ ಎತ್ತಿ, “ಅತ್ತಿ ಮನಿ ಬಿಡೋದಕ್ಕ ಇಷ್ಟು ಸಂಭ್ರಮಾನಾ? ನಾವೇನು ತಿಳ್ಕೋಬೇಕವ್ವಾ?” ಎಂದು ನಕ್ಕರು.

ನೀವು ನಗುತ್ತಿಲ್ಲ ಎಂದು ನನಗೆ ಗೊತ್ತು. ಈ ಕಾಗದವನ್ನು ಪೂರ್ತಿ ಓದುತ್ತೀರೋ ಇಲ್ಲವೋ, ಅದು ಗೊತ್ತಿಲ್ಲ. ಯುಗಾದಿಯ ದಿನ ನಮ್ಮ ಮನೆಯ ಪಂಕ್ತಿಯಿಂದ ನೀವು ಎದ್ದು ಹೋದಂದಿನಿಂದ ನಿಮ್ಮ ದನಿ ನಾನು ಕೇಳಿಲ್ಲ. ಫೋನ್ ಮಾಡಿದಾಗಲೆಲ್ಲ ನಿಮ್ಮ ಮಗ ಲಕ್ಷ್ಮಿಕಾಂತಣ್ಣನೇ ಎತ್ತಿಕೊಂಡು, “ಅವ್ವ ಪೂಜಿಗೆ ಕೂತಾಳವ್ವಾ” ಅನ್ನುತ್ತಾರೆ. ಬೆಳಿಗ್ಗೆ ಮಾಡಿದರೂ ಪೂಜೆ, ಮಧ್ಯಾಹ್ನ ಮಾಡಿದರೂ ಪೂಜೆ. ಪಾಪ, ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೇ ಬರೆಯಲು ಕೂತೆ. ನಾನು ಇಂಗ್ಲಿಷ್ ಮೀಡಿಯಂ ಹುಡುಗಿ, ಕನ್ನಡದಲ್ಲಿ ಇಷ್ಟು ಉದ್ದದ ಕಾಗದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಟೀಚರಮ್ಮ ಕೆಂಪು ಪೆನ್ನಿನಲ್ಲಿ ಗೀಟು ಹಾಕಿ ಇಡಿ, ಬಂದು ತಿದ್ದಿಕೊಳ್ಳುತ್ತೇನೆ.

ಬಳ್ಳಾರಿಯಲ್ಲಿ ಮಮ್ಮಿಗೆ ಈ ಸುದ್ದಿ ಹೇಳಿದಾಗ ಏನಾಯಿತು ಕೇಳಿ. “ಆಷಾಢದಾಗ ಅತ್ತಿ ಸೊಸಿ ಒಂದೇ ಹೊಸ್ತಿಲೊಳಗ ಇರಬಾರದು ಅಂತ ತವರಿಗೆ ಕಳಸ್ತಾರ, ಅದು ನಂಗೂ ಗೊತ್ತದ. ಆದ್ರ ತವರು ಅಂದ್ರ ಯಾವುದೇ? ಅಳಿಯಂದ್ರ ತೀರಿಹೋದ ಹೆಂಡ್ತಿಯ ತಾಯಿ ಮನೀನಾ? ಹೆತ್ತಾಕಿ ನಾ ಇನ್ನೂ ಬದುಕೀನಿ!” ಎಂದು ಕೂಗಾಡಿದಳು. ನಾನು ಹೇಳಿದೆ: ಮಮ್ಮಿ, ಅವರೂ ನನ್ನ ತಾಯಿಯೇ, ಮದುವೆಯಲ್ಲಿ ನಿನ್ನ ಎದುರೇ ನನಗೆ ಉಡಿ ತುಂಬಿದ್ದಾರೆ. ಅವಳು ಫೋನ್ ಇಟ್ಟುಬಿಟ್ಟಳು. ಎರಡು ದಿನಕ್ಕೆ ಸರಿಯಾಗುತ್ತಾಳೆ, ನನ್ನ ಹಾಗೆಯೇ ಅವಳು.

ಮದುವೆಯ ದಿನ ನನಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆಯಿಂದ ಹಲ್ಲು ಕಿರಿದು ಕಿರಿದು ನನ್ನ ಕೆನ್ನೆ ನೋಯುತ್ತಿತ್ತು. ನೀವು ಹಸೆಯ ಹತ್ತಿರ ಬಂದು ಅಕ್ಕಿ, ಕೊಬ್ಬರಿ, ಹಸಿರು ಖಣ ನನ್ನ ಸೆರಗಿಗೆ ಹಾಕಿ, “ಇನ್ನ ಮ್ಯಾಲೆ ನೀ ನಮ್ಮ ರಮಾಮಣಿ ತಂಗಿ. ನಮ್ಮನಿ ನಿಂಗ ಅಕ್ಕನ ತವರು” ಅಂದಿರಿ. ನೀವು ಅಳಲಿಲ್ಲ. ಅಳುತ್ತಿದ್ದವಳು ನಾನೇ. ನಾನು ಅಕ್ಕನನ್ನು ನೋಡಿಯೇ ಇಲ್ಲ. ಮೂರು ವರ್ಷದ ಹಿಂದೆ ಕಾಮಾಲೆಯಲ್ಲಿ ಹೋದ ಆಕೆ ನನಗೆ ಪಡಸಾಲೆಯ ಫೋಟೋ ಮಾತ್ರ. ಸ್ವಲ್ಪ ಓರೆಯಾಗಿ, ಯಾರೋ ಕರೆದದ್ದಕ್ಕೆ ತಿರುಗಿದ ಹಾಗೆ ನಿಂತಿದ್ದಾರೆ. ದಿನಾ ಹೂವು ಇಡುವಾಗ ಅನ್ನಿಸುತ್ತದೆ, ಕರೆದವರು ಯಾರಿರಬಹುದು ಎಂದು.

ಇನ್ನು ಯುಗಾದಿಯ ಮಾತು. ಅದನ್ನು ಬಿಟ್ಟು ಮುಂದೆ ಹೋಗುವುದು ನನ್ನಿಂದ ಆಗದು.

ಮಾವನವರು ಪಂಚಾಂಗ ಓದಿ ಮುಗಿಸಿದ್ದರು. ಎಲ್ಲರೂ ಊಟಕ್ಕೆ ಕೂತಿದ್ದೆವು, ನೀವು ಅತ್ತೆಯ ಪಕ್ಕದ ಎಲೆಯಲ್ಲಿ. ಹೊಸ ಸೊಸೆ ಅಂತ ನನ್ನನ್ನೂ ಬಡಿಸಲು ಬಿಡದೆ ಕೂಡಿಸಿದ್ದರು. ಬಾಯಿ ಸುಮ್ಮನಿರಬೇಕಲ್ಲ? ಮಾವನವರೇ, ನಿಮ್ಮ ಪಂಚಾಂಗದಲ್ಲಿ ಒಂಬತ್ತು ಗ್ರಹ, ನಮ್ಮ ಸಿಲಬಸ್ಸಿನಲ್ಲಿ ಎಂಟೇ ಎಂದು ತಮಾಷೆ ಮಾಡಿದೆ. ಅವರು, “ನಿನ್ನ ಸಿಲಬಸ್ ವರ್ಷಾ ಬದಲಾಗತದ, ನನ್ನ ಪಂಚಾಂಗದ ಗ್ರಹ ಎಲ್ಲೂ ಹೋಗಂಗಿಲ್ಲ” ಅಂದರು. ಆಗ ನೀವು ತಲೆ ಎತ್ತಿದಿರಿ. “ಎಂಟು ಹೆಂಗವ್ವಾ? ಸಾಲಿಯೊಳಗ ನಾ ಜೀವಮಾನವೆಲ್ಲಾ ಒಂಬತ್ತು ಅಂತ ಹಾಡಿಸೀನಿ. ಪ್ಲೂಟೊ ಎಲ್ಲಿ ಹೋತು?”

ನನಗೆ ಎಷ್ಟು ಉತ್ಸಾಹ! ಅದನ್ನು 2006ರಲ್ಲೇ ಡಿಮೋಟ್ ಮಾಡಿದರು ಅವ್ವ, ಎಂದೆ. ಗ್ರಹ ಅನ್ನಿಸಿಕೊಳ್ಳಲು ಮೂರು ಪರೀಕ್ಷೆ ಎಂದು ಬೆರಳು ಮಡಚಿದೆ. ಸೂರ್ಯನ ಸುತ್ತ ಸುತ್ತಬೇಕು, ಪ್ಲೂಟೊ ಪಾಸು. ತನ್ನ ತೂಕಕ್ಕೆ ತಾನೇ ದುಂಡಗಾಗಿರಬೇಕು, ಅದರಲ್ಲೂ ಪಾಸು. ತಾನು ಸುತ್ತುವ ದಾರಿಯನ್ನು ತೆರವು ಮಾಡಿಕೊಂಡಿರಬೇಕು, ಅದರಲ್ಲಿ ಫೇಲು. ಎಲ್ಲಾ ಇದೆ, ಅದೊಂದು ಇಲ್ಲ, ಅದಕ್ಕೆ ಲೆಕ್ಕದಿಂದ ಹೊರಗೆ!

“ಎರಡು ಇದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲೇನು?” ಎಂದಿರಿ.

ನಾನು ನಕ್ಕೆ. ಕೈ ಎತ್ತಿ ವೋಟು ಹಾಕಿದರು ಅವ್ವ, ಎಂದೆ.

“ಯಾರೂ ಅದನ್ನ ಕೇಳಲಿಲ್ಲ,” ಎಂದಿರಿ ನೀವು.

ಅದು ಪ್ರಶ್ನೆಯಲ್ಲ ಎಂದು ಈಗ ತಿಳಿಯುತ್ತದೆ. ಆಗ ಎಲ್ಲರೂ ನಕ್ಕರು, ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಅತ್ತೆ ಒಬ್ಬರೇ ನಗಲಿಲ್ಲ. ನಿಮ್ಮ ಎಲೆಯಲ್ಲಿ ಹೋಳಿಗೆ ಹಾಗೆಯೇ ಇತ್ತು, ನೀವು ಎದ್ದು ಕೈ ತೊಳೆದುಕೊಂಡು, ಇನ್ನೂ ಮಜ್ಜಿಗೆ ಅನ್ನ ಕಲಸುತ್ತಿದ್ದ ಲಕ್ಷ್ಮಿಕಾಂತಣ್ಣನನ್ನು ಎಬ್ಬಿಸಿಕೊಂಡು ಸ್ಟೇಷನ್ನಿಗೆ ಹೊರಟಿರಿ. ಹಿರಿಯ ಟೀಚರ ಮಾತಿಗೆ ಮೊನ್ನೆ ಬಂದ ಹುಡುಗಿ ಎದುರು ಮಾತಾಡಿದ್ದಕ್ಕೆ ನಿಮಗೆ ಸಿಟ್ಟು ಬಂತು ಎಂದು ನಾನು ತಿಳಿದೆ. ಇವರನ್ನು ಕೇಳಿದರೆ, ನೀರಿನ ಟಾಕಿ ತುಂಬಿತೇನೋ ನೋಡಿ ಬರುತ್ತೇನೆ ಎಂದು ಮಹಡಿಗೆ ಹೋದರು. ನಿಮ್ಮ ಅಳಿಯನನ್ನು ನೀವು ನನಗಿಂತ ಮೊದಲಿನಿಂದ ಬಲ್ಲಿರಿ. ಎಷ್ಟು ಒಳ್ಳೆಯವರು ಅವ್ವ! ನನ್ನ ಟಿಫಿನ್ ಡಬ್ಬಿ ತಾವೇ ತೊಳೆಯುತ್ತಾರೆ, ಸಂಜೆ ಮಾರ್ಕೆಟ್ ಯಾರ್ಡಿನ ಆಫೀಸಿನಿಂದ ಬರುವಾಗ ಅಂಗಿಗೆ ಅಂಟಿದ ಹತ್ತಿಯನ್ನು ಬಾಗಿಲಲ್ಲೇ ಬಿಡಿಸಿಕೊಂಡು ಒಳಗೆ ಬರುತ್ತಾರೆ, ನಾನು ಗುಡಿಸುವುದು ತಪ್ಪಲಿ ಎಂದು. ಆದರೆ ಮನೆಯಲ್ಲಿ ಮಾತು ಬಿಗಿಯಾಯಿತೋ, ಟಾಕಿ ನೆನಪಾಗುತ್ತದೆ.

ಅತ್ತೆ ಮಾತ್ರ ಅವತ್ತು ರಾತ್ರಿ ಕಡ್ಡಿ ಮುರಿದ ಹಾಗೆ ಹೇಳಿದರು: “ಮುಖಾ ತಿರುವಿ ಹೋದಳಲ್ಲ, ಅಲ್ಲಿಗೆ ಸಂಬಂಧ ಮುಗೀತು. ಆಷಾಢಕ್ಕ ಇಕಿ ಬಳ್ಳಾರಿಗೇ ಹೋಗಲಿ.” ಮಾವನವರು, ಈ ಮನೆಯಲ್ಲಿ ಎರಡನೆಯ ಸೊಸೆ ಬಂದರೆ ಮೊದಲ ಆಷಾಢವನ್ನು ಅಕ್ಕನ ತವರಿನಲ್ಲಿ ಕಳೆಯುವುದು ನಡೆದುಬಂದ ಪದ್ಧತಿ, ತಮ್ಮ ದೊಡ್ಡಮ್ಮನೂ ಹಾಗೇ ಮಾಡಿದ್ದರು ಎಂದು ಮೆಲ್ಲಗೆ ನೆನಪಿಸಿದರು. ಅತ್ತೆ ಎದ್ದು ಹಾಲಿಗೆ ಹೆಪ್ಪು ಹಾಕಲು ಹೋದರು.

ಇಷ್ಟು ಹೇಗೋ ನಿಮ್ಮ ಕಿವಿಗೂ ಬಿದ್ದಿರಬಹುದು. ಗೊತ್ತಿಲ್ಲದ್ದು ಈ ವಾರ ನಡೆದದ್ದು.

ನಾನು ಇಲ್ಲಿಯ ಒಂದು ಸ್ಕೂಲಿನಲ್ಲಿ ಸೈನ್ಸ್ ಟೀಚರಾಗಿ ಸೇರಿದ್ದೇನೆ. ಗುರುವಾರ ಸ್ಕೂಲು ಶುರುವಾಯಿತು, ಶನಿವಾರಕ್ಕೆ ನನ್ನ ಮೊದಲ ಪಾಠ ಹೊರಗಿನ ಗ್ರಹಗಳು ಮತ್ತು ಕುಬ್ಜ ಗ್ರಹಗಳು. ಬೇಕೆಂದೇ ಅದನ್ನು ಆರಿಸಿಕೊಂಡೆ. ನಿಮಗೆ ಅವಸರದಲ್ಲಿ ಹೇಳಿದ್ದನ್ನು ಈ ಸಲ ಸರಿಯಾಗಿ ಓದಿಕೊಂಡು ಹೇಳೋಣ ಎಂದು. ಶುಕ್ರವಾರ ಸಂಜೆ ಅಡುಗೆಮನೆಯ ನೆಲದ ಮೇಲೆ ಎಲ್ಲ ಜೋಡಿಸಿಕೊಂಡು, ಅತ್ತೆಯನ್ನು ಎದುರು ಕೂಡಿಸಿ, ನೀವೇ ನನ್ನ ಎಂಟನೇ ಕ್ಲಾಸು ಎಂದೆ. ಅವರು ಮೊರದಲ್ಲಿ ಸಾಸಿವೆ ಆರಿಸುತ್ತಾ ಒಪ್ಪಿಕೊಂಡರು.

ಗುರು ಗ್ರಹಕ್ಕೆ ಒಂದು ಸುಲಿದ ತೆಂಗಿನಕಾಯಿ. ಶನಿಗೆ ಬೇಲದ ಹಣ್ಣು. ಯುರೇನಸ್, ನೆಪ್ಚೂನ್ ಎರಡು ನಿಂಬೆಹಣ್ಣು. “ಅಯ್ಯ, ಶನಿನ್ನ ಒಲಿ ಮುಂದ ತಂದಿಟ್ಟೀಯಲ್ಲ, ಆಚಿ ಸರಿಸ!” ಎಂದು ಅತ್ತೆ ಬೈದರು. ಇದೇ ಅಳತೆಯಲ್ಲಿ ನಾವು ನಿಂತಿರುವ ಭೂಮಿ ಒಂದು ಕಡಲೆಕಾಳು, ಸೂರ್ಯ ಎತ್ತಿನ ಬಂಡಿಯ ಗಾಲಿ. ಆ ಗಾಲಿಯನ್ನು ನಮ್ಮ ಬಾಗಿಲಲ್ಲಿ ಇಟ್ಟರೆ ನೆಪ್ಚೂನಿನ ನಿಂಬೆಹಣ್ಣನ್ನು ಸುಮಾರು ನಾಲ್ಕು ಕಿಲೋಮೀಟರ್ ಆಚೆ, ಊರು ದಾಟಿ ಹತ್ತಿ ಹೊಲದಲ್ಲಿ ಇಡಬೇಕು. ಪ್ಲೂಟೊಗೆ ಅತ್ತೆಯ ಮೊರದಿಂದಲೇ ಒಂದು ಸಾಸಿವೆ ತೆಗೆದುಕೊಂಡೆ. “ನಾಳಿನ ಸಾರಿನ ಒಗ್ಗರಣಿಗೆ ನಿನ್ನ ಪ್ಲೂಟೊನ್ನೇ ಹಾಕ್ಲೇನು?” ಎಂದು ನಕ್ಕರು. ಅವರು ನಕ್ಕದ್ದನ್ನು ನೋಡಿ ನನಗೆ ಇನ್ನಷ್ಟು ಹುರುಪು ಬಂತು.

ಸಣ್ಣದು ಎಂದು ತೆಗೆದರೇನು ಎಂದು ಕೇಳಿದರು. ಅಲ್ಲ ಎಂದೆ. ದೂರದ್ದು ಎಂದೇ? ಅದೂ ಅಲ್ಲ. ಸೀರಿಸ್ ಎಂಬ ಇನ್ನೊಂದು ಕುಬ್ಜ ಗ್ರಹ ಇದೆ, ಗಸಗಸೆಯಷ್ಟು, ಅದು ಮಂಗಳ ಮತ್ತು ಗುರುವಿನ ನಡುವೆಯೇ ತಿರುಗುತ್ತದೆ. ಆಚೆಯ ನಾಲ್ಕೂ ಗ್ರಹಗಳ ಮೈಯೇ ಬೇರೆ. ಗುರು, ಶನಿ ಎಂದರೆ ಬಹುಪಾಲು ಗಾಳಿ, ಯುರೇನಸ್, ನೆಪ್ಚೂನ್ ದಟ್ಟವಾದ ದ್ರವದ ಮುದ್ದೆ. ಅಷ್ಟು ದೊಡ್ಡವಾದರೂ ಕಾಲೂರಿ ನಿಲ್ಲಲು ನೆಲವಿಲ್ಲ. ಪ್ಲೂಟೊ ಕಲ್ಲು ಮತ್ತು ಮಂಜುಗಡ್ಡೆ, ಅದರ ಮೇಲೆ ನಿಲ್ಲಬಹುದು, ಬೆಟ್ಟಗಳಿವೆ. ಆ ನಾಲ್ಕರ ದಾರಿ ಹೆಚ್ಚುಕಡಿಮೆ ದುಂಡಗೆ, ಒಂದೇ ಮಟ್ಟದಲ್ಲಿ ಇದೆ. ಪ್ಲೂಟೊದ ದಾರಿ ಓರೆಯಾಗಿ, ಉದ್ದಕ್ಕೆ ಎಳೆದ ಹಾಗೆ ಇದೆ. ಆದರೆ ಇವು ಯಾವುವೂ ಲೆಕ್ಕದ ಗೆರೆ ಅಲ್ಲ ಅತ್ತೆ. ಗೆರೆ ಇರುವುದು ಮೂರನೆಯ ಮಾತಿನಲ್ಲಿ. ದೊಡ್ಡ ಗ್ರಹಗಳು ತಮ್ಮ ದಾರಿಯಲ್ಲಿದ್ದ ಚೂರುಗಳನ್ನು ನುಂಗಿಹಾಕಿವೆ, ಇಲ್ಲವೇ ದೂರ ಎಸೆದಿವೆ, ಉಳಿದವನ್ನು ತಮ್ಮ ಹಿಡಿತದಲ್ಲಿ ಇಟ್ಟುಕೊಂಡಿವೆ. ಪ್ಲೂಟೊಗೆ ಅಷ್ಟು ತೂಕ ಇಲ್ಲ. ಅದರ ಸುತ್ತಮುತ್ತ ಅದರಂಥವೇ ಇನ್ನೂ ಎಷ್ಟೋ ತಿರುಗುತ್ತವೆ. ಎಲ್ಲಾ ಇದೆ ಅತ್ತೆ, ಈ ಒಂದು ಇಲ್ಲ ಎಂದೆ.

ಮೊರದ ಮೇಲಿನ ಕೈ ನಿಂತಿತು.

“ಆ ಮಾತು ನಾ ಆಡಿದ್ದು,” ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ನನ್ನ ಮುಖ ನೋಡದೆ, ಸಾಸಿವೆಯನ್ನು ನೋಡುತ್ತಾ ಹೇಳಿದರು: “ರಮಾಮಣಿಗೆ ಎಂಟು ವರ್ಷ ಅದನ್ನೇ ಅಂದೀನಿ. ಮನಿ ನಡಸ್ತ್ಯವ್ವಾ, ಟ್ಯೂಷನ್ ಹೇಳ್ತಿ, ಗಂಡನ್ನ ಹಿಡಕೊಂಡೀದಿ, ಎಲ್ಲಾ ಅದ, ಅದೊಂದು ಇಲ್ಲ. ಯುಗಾದಿ ದಿನ ನೀ ಬೆರಳು ಮಡಚಿ ಮಡಚಿ ಅದನ್ನೇ ಅಂದಿ. ಆಕಿ ಅವ್ವ ಕಾವೇರಿ ನನ್ನ ಪಕ್ಕದಾಗ ಕೂತಿದ್ದಳು. ನಾ ನಿಂಗ ಕಲಿಸಿಕೊಟ್ಟೀನಿ ಅಂತ ತಿಳಕೊಂಡಳು. ಯಾಕ ತಿಳ್ಕೋಬಾರದು?”

ಆಮೇಲೆ ತೊಟ್ಟಿಲಿನ ಸಂಗತಿ ಹೇಳಿದರು. ಅದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಆದರೆ ನನಗೆ ಎಷ್ಟು ಗೊತ್ತು ಎಂಬುದು ನಿಮಗೆ ಗೊತ್ತಾಗಲಿ ಎಂದು ಬರೆಯುತ್ತೇನೆ. ನಾದಿನಿಯ ಕೂಸಿಗೆ ಇದೇ ಮನೆಯಲ್ಲಿ ಹೆಸರಿಟ್ಟ ದಿನ. ತೊಟ್ಟಿಲ ಮೇಲೆ, ಕೆಳಗೆ ಕೂಸನ್ನು ಕೈಯಿಂದ ಕೈಗೆ ದಾಟಿಸಲು ಐದು ಜನ ಮುತ್ತೈದೆಯರು ಬೇಕು. ನಾಲ್ವರು ನಿಂತಿದ್ದರು. ಅಕ್ಕ ಕೈ ತೊಳೆದುಕೊಂಡು ಬಂದು ಐದನೆಯವರಾಗಿ ನಿಂತರು. ತೊಟ್ಟಿಲಿನ ಬಟ್ಟೆ ಹೊಲಿದದ್ದೂ ಅವರೇ. ಅತ್ತೆ ಮಕ್ಕಳಿಲ್ಲದ ಅವರನ್ನು ಬಿಟ್ಟು ಎಣಿಸಿ, “ನಾಲ್ಕೇ ಮಂದಿ ಆದ್ರಿ, ಹಿಂದಿನ ಮನಿಯಾಕಿನ್ನ ಕರೀರಿ” ಎಂದರಂತೆ. ಆಕೆ ಸೀರೆ ಬದಲಿಸಿಕೊಂಡು ಬರುವವರೆಗೆ ಎಲ್ಲರೂ ಕಾದರಂತೆ. ಅಕ್ಕ ಜಾಗ ಬಿಟ್ಟು ಸರಿಯುವಾಗ ನಿಮ್ಮನ್ನು ನೋಡಿ, “ಅವ್ವ, ನಾ ಒಳಗ ಕೋಸಂಬರಿ ಕಲಸ್ತೀನಿ” ಅಂದರಂತೆ. ನೀವು ಅವತ್ತು ಏನೂ ಅನ್ನಲಿಲ್ಲವಂತೆ.

“ಅಂದಿದ್ರ ಚಲೋ ಇತ್ತು,” ಎಂದರು ಅತ್ತೆ. “ಮಗಳು ಹೋದ ಮ್ಯಾಲೂ ಅನ್ನಲಿಲ್ಲ. ಬಂದು ನಿನಗ ಉಡಿ ತುಂಬಿದಳು.”

ಅತ್ತೆ ಅಳಲಿಲ್ಲ, ಅವ್ವ. ನಿಮ್ಮಲ್ಲಿ ಕ್ಷಮೆ ಕೇಳುತ್ತೇನೆ ಎಂದೂ ಹೇಳಲಿಲ್ಲ. ಕೇಳುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ಅವರ ಪರವಾಗಿ ನಾನು ಕೇಳುವುದೂ ಇಲ್ಲ. ನನಗೆ ಆ ಹಕ್ಕಿಲ್ಲ. ಅವರು ದೀಪ ಹಚ್ಚುವ ಹೊತ್ತಾದರೂ ಏಳದೆ ಸಾಸಿವೆ ಆರಿಸುತ್ತಲೇ ಇದ್ದರು, ಕಲ್ಲು ಮುಗಿದ ಮೇಲೂ.

ನಾನು ಮಹಡಿಗೆ ಹೋದೆ. ಇವರು ಟಾಕಿಯ ಮುಚ್ಚಳ ತೆಗೆದು ಒಳಗೆ ನೋಡುತ್ತಿದ್ದರು. ಟಾಕಿ ತುಂಬಿತ್ತು. ಹೆಸರಿಟ್ಟ ದಿನ ನೀವು ಎಲ್ಲಿದ್ದಿರಿ ಎಂದು ಕೇಳಿದೆ. ಮುಚ್ಚಳವನ್ನು ಮತ್ತೆ ಹಾಕಿ, “ಇಲ್ಲೇ,” ಎಂದರು. ಆಮೇಲೆ, “ಆಕಿನೇ ಐದನೇದಾಕಿ ಅಂತ ನಾ ಅಂದಿದ್ರ ಸಾಕಿತ್ತು” ಎಂದರು. ಮದುವೆಯಾದ ಮೇಲೆ ಮೊದಲ ಸಲ ನನಗೆ ಅವರ ಹತ್ತಿರ ನಿಲ್ಲಬೇಕು ಅನ್ನಿಸಲಿಲ್ಲ. ಕೋಟೆ ಬೆಟ್ಟದ ಮೇಲೆ ಬೆಳಕು ಕರಗುವವರೆಗೆ ಇಬ್ಬರೂ ಟಾಕಿಯ ಆ ಕಡೆ, ಈ ಕಡೆ ನಿಂತಿದ್ದೆವು. ನಾನು ಸದಾ ಹಲ್ಲು ಕಿರಿಯುವ ಹುಡುಗಿ ಎಂದು ನೀವು ತಿಳಿದಿದ್ದೀರಿ, ಅಲ್ಲವೇ? ಶುಕ್ರವಾರ ನಾನು ನಗಲಿಲ್ಲ.

ಮರುದಿನ ಪಾಠ ಮಾಡಿದೆ. ಪಾಸು ಫೇಲು ಎಂಬ ಮಾತು ಬಾಯಿಗೆ ಬರಲಿಲ್ಲ. ತೆಂಗಿನಕಾಯಿ, ಬೇಲದ ಹಣ್ಣು, ನಿಂಬೆಹಣ್ಣು ಒಂದು ತಟ್ಟೆಯಲ್ಲಿ, ಸಾಸಿವೆ ಗಸಗಸೆ ಇನ್ನೊಂದು ತಟ್ಟೆಯಲ್ಲಿ ಇಟ್ಟು, ಇವು ಒಂದು ಬಗೆ, ಇವು ಇನ್ನೊಂದು ಬಗೆ, ಎರಡೂ ಸೂರ್ಯನ ಸುತ್ತಲೇ ಸುತ್ತುತ್ತವೆ ಎಂದೆ. ಸೂರಿ ಎಂಬ ಹುಡುಗ, “ಮೇಡಂ, ಅಂದ್ರ ದೊಡ್ಡವು ಎಲ್ಲಾರನ್ನೂ ಹೊರಗ ಹಾಕಿ ಗ್ರಹ ಆದವೇನ್ರಿ? ನಮ್ಮ ಓಣಿಯಾಗೂ ಒಬ್ಬ ಹಂಗ ಅದಾನ್ರಿ” ಎಂದ, ಕ್ಲಾಸೆಲ್ಲ ನಕ್ಕಿತು. ಆಮೇಲೆ ಅಮೂಲ್ಯ ಎಂಬ ಹುಡುಗಿ ಎದ್ದು ನಿಂತು ತೆಲುಗಿನಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದಳು: “ಮೇಡಂ, ಪ್ಲೂಟೊಕಿ ತೆಲುಸಾ? ತನ್ನ ಹೆಸರು ತೆಗದಾರ ಅಂತ ಅದಕ್ಕ ಗೊತ್ತೈತೇನ್ರಿ?”

ಗೊತ್ತಿಲ್ಲ ಎಂದೆ. ಅದು ಆಗಲೂ ಹೀಗೇ ತಿರುಗುತ್ತಿತ್ತು, ಈಗಲೂ ಹೀಗೇ ತಿರುಗುತ್ತಿದೆ, ಅದಕ್ಕೆ ಐದು ಚಂದ್ರ ಇವೆ, ಅವುಗಳಿಗೂ ಗೊತ್ತಿಲ್ಲ ಎಂದೆ. ಹೇಳಿದವಳೇ ಬೋರ್ಡಿನ ಕಡೆ ತಿರುಗಿಕೊಂಡೆ. ಯಾಕೆಂದರೆ ಅಕ್ಕನಿಗೆ ಗೊತ್ತಿತ್ತು. ಪ್ಲೂಟೊ ಒಂದು ಕಲ್ಲು, ಅದರ ಮನಸ್ಸು ನೋಯುವುದಿಲ್ಲ. ಆದ್ದರಿಂದ ಅವ್ವ, ನಾನು ಅಕ್ಕನನ್ನು ಯಾವುದಕ್ಕೂ ಹೋಲಿಸುತ್ತಿಲ್ಲ. ಯುಗಾದಿಯ ದಿನ ಆ ಹೋಲಿಕೆ ನನ್ನ ಬಾಯಲ್ಲಿ ತಾನಾಗಿ ಬಂದು ಕೂತಿತು, ಯಾರೂ ನನಗೆ ಕಲಿಸಿರಲಿಲ್ಲ. ಇಷ್ಟನ್ನು ಮಾತ್ರ ನೀವು ನಂಬಬೇಕು. ಉಳಿದದ್ದೆಲ್ಲ ನಿಮ್ಮ ಇಷ್ಟ.

ನಿಮಗೆ ಖುಷಿಯಾಗುವ ಒಂದು ವಿಷಯ ಓದಿದ್ದೇನೆ. ಪ್ಲೂಟೊ ಕೆಲವು ಕಾಲ ನೆಪ್ಚೂನಿಗಿಂತ ಒಳಗೆ, ಸೂರ್ಯನಿಗೆ ಹತ್ತಿರ ಬರುತ್ತದೆ. 1979ರಿಂದ 1999ರವರೆಗೆ ಹಾಗೆ ಬಂದಿತ್ತು. ನೀವು ಕೋಸಗಿಯ ಶಾಲೆಯಲ್ಲಿ ಮಕ್ಕಳಿಂದ ಒಂಬತ್ತು ಹೆಸರು ಹಾಡಿಸುತ್ತಿದ್ದಾಗ ಎಂಟನೆಯದು ಪ್ಲೂಟೊ, ಕೊನೆಯದು ನೆಪ್ಚೂನ್! ದಾರಿ ಹೀಗೆ ಅಡ್ಡಾದರೂ ಅವೆರಡೂ ಎಂದೂ ಡಿಕ್ಕಿ ಹೊಡೆಯುವುದಿಲ್ಲ. ನೆಪ್ಚೂನ್ ಮೂರು ಸುತ್ತು ಮುಗಿಸುವಷ್ಟರಲ್ಲಿ ಪ್ಲೂಟೊ ಎರಡು ಸುತ್ತು, ಈ ತಾಳ ತಪ್ಪುವುದಿಲ್ಲ, ಇದು ಬಂದಾಗ ಅದು ದೂರ ಇರುತ್ತದೆ. ಇನ್ನೊಂದು. ಪ್ಲೂಟೊದ ದೊಡ್ಡ ಚಂದ್ರ ಕೇರನ್, ಅಗಲದಲ್ಲಿ ಅದರ ಅರ್ಧದಷ್ಟಿದೆ. ನಮ್ಮ ಚಂದ್ರ ಭೂಮಿಯ ಸುತ್ತ ತಿರುಗುವ ಹಾಗೆ ಅಲ್ಲ ಅದು. ಎರಡೂ ಮುಖಕ್ಕೆ ಮುಖ ಕೊಟ್ಟುಕೊಂಡು, ತಮ್ಮ ನಡುವಿನ ಬರಿದಾದ ಒಂದು ಜಾಗದ ಸುತ್ತ ತಿರುಗುತ್ತವೆ. ಅಲ್ಲಿ ಏನೂ ಇಲ್ಲ. ಅದನ್ನು ಓದಿದಾಗ ನೀವು ನೆನಪಾದಿರಿ. ಯಾಕೆಂದು ಬರೆಯಲು ನನಗೆ ಬರುವುದಿಲ್ಲ.

ಇವತ್ತು ಬೆಳಿಗ್ಗೆ ಅತ್ತೆಯ ಮುಂದೆ ನಿಂತು, ನಾನು ಕೋಸಗಿಗೆ ಹೋಗಲೇ ಎಂದು ಕೇಳಿದೆ. ದೊಡ್ಡ ವಾದಕ್ಕೆ ಸಿದ್ಧಳಾಗಿದ್ದೆ, ಮಾವನವರ ದೊಡ್ಡಮ್ಮನ ಕಥೆಯನ್ನೂ ಬಾಯಿಪಾಠ ಮಾಡಿಕೊಂಡಿದ್ದೆ. ಏನೂ ಬೇಕಾಗಲಿಲ್ಲ. “ಹೋಗು,” ಎಂದರು. ಆಮೇಲೆ, “ಆಕಿ ಬಾಗಲಾ ತೆಗೀಲಿಲ್ಲಂದ್ರ ಕಟ್ಟಿ ಮ್ಯಾಲೆ ಕೂಡು. ಸಿಟ್ಟಿಗೆ ಬಂದು ಎದ್ದು ಬರಬ್ಯಾಡ. ಆಕಿ ಮಗಳನ್ನ ನಾ ಎಂಟು ವರ್ಷ ಹೊರಗ ಕೂಡಿಸೀನಿ, ನೀ ಒಂದು ಗಳಿಗಿ ಕೂತರ ಏನಾಗತದ?” ಎಂದರು.

ಅದಕ್ಕೇ ನಾನು ಅಷ್ಟು ಕುಣಿದದ್ದು, ಅವ್ವ. ನನಗೆ ಮನೆ ಬಿಡುವ ಸಂಭ್ರಮ ಅಲ್ಲ. ಮುಗಿಯಿತು ಎಂದುಕೊಂಡಿದ್ದ ಸಂಬಂಧ ಮುಗಿದಿಲ್ಲ ಎಂದು ಈ ಮನೆಯಲ್ಲಿ ಒಬ್ಬರು ಬಾಯಿಬಿಟ್ಟು ಹೇಳಿದರಲ್ಲ, ಅದಕ್ಕೆ. ಇನ್ನು ಉಳಿದದ್ದು ನಿಮ್ಮ ಬಾಗಿಲು. ನೀವು ಹೌದು ಅಂದರೆ ನಾನು ತಿಂಗಳು ಪೂರ್ತಿ ಇರುತ್ತೇನೆ, ಸ್ಕೂಲಿಗೆ ಅಲ್ಲಿಂದಲೇ ಗಾಡಿಯಲ್ಲಿ ಹೋಗಿ ಬರುತ್ತೇನೆ. ಅಕ್ಕನ ಬಗ್ಗೆ ಈ ಮನೆಯಲ್ಲಿ ಯಾರೂ ಹೇಳದ್ದನ್ನು ಹೇಳಿ. ಆಕೆಗೆ ಯಾವ ಹಾಡು ಬರುತ್ತಿತ್ತು, ಸಣ್ಣವರಿದ್ದಾಗ ಏನು ಕದ್ದು ತಿನ್ನುತ್ತಿದ್ದರು, ಯಾರ ಜೊತೆ ಜಗಳ ಆಡುತ್ತಿದ್ದರು. ಬೇಡ ಅನ್ನಿಸಿದರೆ ಏನೂ ಹೇಳಬೇಡಿ, ನಾನು ನಿಮ್ಮ ಜೊತೆ ಹಪ್ಪಳ ಲಟ್ಟಿಸುತ್ತೇನೆ. ಮಾತು ಕಡಿಮೆ ಮಾಡಲು ಪ್ರಯತ್ನಿಸುತ್ತೇನೆ ಎಂದು ಬರೆಯುತ್ತಿದ್ದೆ, ಅಷ್ಟರಲ್ಲಿ ಇವರು ಭುಜದ ಮೇಲಿಂದ ಓದಿ, “ಅದೊಂದು ಸುಳ್ಳು ಬರೀಬ್ಯಾಡ” ಎಂದರು. ನಿನ್ನೆ ಸಂಜೆಯಿಂದ ಮತ್ತೆ ಮಾತಾಡುತ್ತಿದ್ದೇವೆ. ಕಾಗದದ ಕೊನೆಗೆ ತಾವೂ ಒಂದು ಸಾಲು ಬರೆಯುವುದಾಗಿ ಹೇಳಿ ಪೆನ್ನು ತೆಗೆದುಕೊಂಡರು, ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಹಿಂದಕ್ಕೆ ಕೊಟ್ಟರು. ಮಹಡಿಗೆ ಮಾತ್ರ ಹೋಗಲಿಲ್ಲ, ಇಲ್ಲೇ ಕೂತಿದ್ದಾರೆ.

ಅಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. ಲಕ್ಷ್ಮಿಕಾಂತಣ್ಣನಿಗೆ ಇನ್ನು ಮೇಲೆ ಪೂಜೆಯ ನೆಪ ಹೇಳುವ ಕಷ್ಟ ಕೊಡಬೇಡಿ.

ನೀವು ಉಡಿ ತುಂಬಿ ಮಗಳೆಂದು ಕರೆದ,
ಸುಪ್ರಜಾ

ಇಷ್ಟು ಬರೆದು ಮಡಚಿದ ಮೇಲೆ ಮತ್ತೆ ಬಿಚ್ಚಿದೆ, ಅವ್ವ. ಒಂದು ಮಾತನ್ನು ಈ ಕಾಗದದಲ್ಲಿ ಎಲ್ಲ ಕಡೆ ಸುತ್ತು ಹಾಕಿ ತಪ್ಪಿಸಿಕೊಂಡು ಬಂದಿದ್ದೇನೆ. ನನಗೆ ಮೂರನೆಯ ತಿಂಗಳು. ಇವರಿಗೆ ಮಾತ್ರ ಗೊತ್ತು. ಅತ್ತೆಗೆ ಹೇಳಿಲ್ಲ, ಮಮ್ಮಿಗೂ ಹೇಳಿಲ್ಲ. ಗೊತ್ತಾದ ದಿನ ಈ ಮನೆ ಎಷ್ಟು ಸಂಭ್ರಮಿಸುತ್ತದೆ ಎಂದು ನನಗೆ ಗೊತ್ತು, ಆ ಸದ್ದು ಕೋಸಗಿಗೆ ಬೇರೆಯವರ ಬಾಯಿಂದ ಮುಟ್ಟಬಾರದು ಎಂದು ಮೊದಲು ನಿಮಗೆ ಬರೆಯುತ್ತಿದ್ದೇನೆ. ಇದನ್ನು ಓದಿ ನಿಮಗೆ ಸಂತೋಷವಾಗಬೇಕು ಎಂದು ನಾನು ಕೇಳುವುದಿಲ್ಲ. ಹೊಟ್ಟೆ ಉರಿದರೆ ಉರಿಯಲಿ, ಅಳು ಬಂದರೆ ಅಳಿ, ನನ್ನ ಎದುರೇ ಅಳಿ, ನಾನು ಸುಮ್ಮನೆ ಪಕ್ಕದಲ್ಲಿ ಕೂತಿರುತ್ತೇನೆ. ನನ್ನನ್ನು ನೋಡಲಿಕ್ಕೇ ಆಗದು ಅನ್ನಿಸಿದರೆ ಸ್ಟೇಷನ್ನಿಗೆ ಯಾರನ್ನೂ ಕಳಿಸಬೇಡಿ. ಪ್ಲಾಟ್‌ಫಾರ್ಮಿನ ಬೇವಿನ ಮರದ ಕೆಳಗೆ ಕಾದಿದ್ದು, ಸಂಜೆಯ ಗಾಡಿಗೆ ಹಿಂದಿರುಗಿ ಬಳ್ಳಾರಿಗೆ ಹೋಗುತ್ತೇನೆ. ನೀವು ಕಳಿಸಿದಿರಿ ಎಂದು ಯಾರಿಗೂ ಹೇಳುವುದಿಲ್ಲ, ನಿಮ್ಮನ್ನು ಅವ್ವ ಎನ್ನುವುದನ್ನೂ ಬಿಡುವುದಿಲ್ಲ. ಬರುವ ವಾರದ ಸೋಮವಾರ, ಜೂನ್ ಇಪ್ಪತ್ತಮೂರು, ಗುಂತಕಲ್ಲಿನಿಂದ ರಾಯಚೂರಿಗೆ ಹೋಗುವ ಬೆಳಗಿನ ಪ್ಯಾಸೆಂಜರಿಗೆ ಬರುತ್ತೇನೆ.